ನಮ್ಮ ಮನೆಗೆ ಬಂಬ ಬಂದ ವರ್ಷ

ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಒಂದು ಮನೆಯ ಬಿಸಿನೀರೆಂದರೆ ಆ ಮನೆಯ ಯಾರೋ ಒಬ್ಬ ಹೆಣ್ಣುಮಗಳ ಇಡೀ ಮುಂಜಾನೆ. ಉಗಾರ ಬುದ್ರುಕದ ನಮ್ಮ ಮನೆಯಲ್ಲಿ ಹದಿನಾಲ್ಕು ಮಂದಿ ಇದ್ದೆವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನಲ್ಲಿ ಕರೆಂಟು ಬಂದು ವರ್ಷಗಳಾಗಿದ್ದರೂ ಅದು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹದಿನಾಲ್ಕು ಮಂದಿಯ ಸ್ನಾನಕ್ಕೂ ಒಂದೇ ಹಂಡೆ, ಒಂದೇ ಒಲೆ. ಐದು ಗಂಟೆಗೆ ಹೊತ್ತಿದ ಆ ಒಲೆ ಒಂಬತ್ತೂವರೆಯ ತನಕ ಆರುವಂತಿರಲಿಲ್ಲ.

ಬಚ್ಚಲು ಮನೆಯ ಹಿಂದೆ, ಎಮ್ಮೆಗಳ ಕೊಟ್ಟಿಗೆಗೆ ಒತ್ತಿಕೊಂಡಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಹೊಗೆ ಹೋಗಲೆಂದು ಮೇಲೆ ಒಂದು ಇಟ್ಟಿಗೆ ತೆಗೆದ ಕಂಡಿ ಇತ್ತು, ಅಷ್ಟೆ. ಗೋಡೆಗಳು ಎಷ್ಟು ಕಪ್ಪಾಗಿದ್ದವೆಂದರೆ ಕೈಯಿಟ್ಟರೆ ಅಂಟುತ್ತಿದ್ದವು. ಉರಿಸುತ್ತಿದ್ದುದು ರವದಿ, ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆ. ನಮ್ಮ ಕಡೆ ಕಟ್ಟಿಗೆಗೆ ಬರ, ರವದಿಗೆ ಬರವಿಲ್ಲ. ಆದರೆ ಅದರ ಸ್ವಭಾವ ಕೆಟ್ಟದ್ದು. ಒಂದು ಹಿಡಿ ತುರುಕಿದರೆ ಭಗ್ಗೆಂದು ಹೊತ್ತಿ, ಇಪ್ಪತ್ತು ಎಣಿಸುವಷ್ಟರಲ್ಲಿ ಬೂದಿಯಾಗುತ್ತಿತ್ತು. ಮತ್ತೆ ಒಂದು ಹಿಡಿ, ಮತ್ತೆ ಒಂದು ಹಿಡಿ. ಹಾಗಾಗಿ ಒಲೆಯ ಮುಂದೆ ಕೂತವರಿಗೆ ಏಳುವ ಹಾದಿಯೇ ಇರಲಿಲ್ಲ.

ಅಲ್ಲಿ ಕೂರುತ್ತಿದ್ದವಳು ನಮ್ಮ ಅಪ್ಪನ ತಂಗಿ ಸುಶೀಲಾ. ಗಡಿಯ ಕಡೆಯವರಾದ ನಾವು ಸೋದರತ್ತೆಯನ್ನು ಮರಾಠಿಯವರಂತೆ ಆತ್ಯಾ ಎನ್ನುತ್ತೇವೆ. ಆತ್ಯಾಳನ್ನು ಅಥಣಿ ಆಚೆಯ ತೆಲಸಂಗಕ್ಕೆ ಕೊಟ್ಟಿದ್ದರು. ನಾಲ್ಕು ವರ್ಷ ಬಾಳಿದಳು. ಮಕ್ಕಳಾಗಲಿಲ್ಲ. ಒಂದು ದಿನ ಅವಳ ಗಂಡ ಅವಳನ್ನೂ ಅವಳ ಟ್ರಂಕನ್ನೂ ಉಗಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, ಮನೆಯ ತನಕವೂ ಬರದೆ ಅದೇ ಬಸ್ಸಿನಲ್ಲಿ ಹಿಂದಿರುಗಿದ. ಅಂದಿನಿಂದ ಆರು ವರ್ಷ ಅವಳು ನಮ್ಮ ಬಚ್ಚಲ ಒಲೆಯ ಮುಂದೆಯೇ ಕೂತಿದ್ದಳು. ಬಲಗೈಯ ಕೂದಲೆಲ್ಲ ಉರಿಗೆ ಸುಟ್ಟು ಮೊಣಕೈ ತನಕ ನುಣ್ಣಗಾಗಿತ್ತು. ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರು ಅವಳದು.

ಒಂಬತ್ತು ತುಂಬಿದ ಮೇಲೆ ನನ್ನನ್ನೂ ಆ ಕೆಲಸಕ್ಕೆ ಹಚ್ಚಿದರು. ಹಿತ್ತಿಲ ಬಣವೆಯಿಂದ ರವದಿಯ ಹೊರೆ ಎಳೆದು ತಂದು ಆತ್ಯಾಳ ಕೈಗೆ ಸಿಗುವಂತೆ ಇಡಬೇಕು. ಅವಳು ಹೊರಗಾದ ದಿನಗಳಲ್ಲಿ ನಾನೇ ಉರಿ ಹಾಕಬೇಕು. ಆ ದಿನಗಳಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಉರಿ ಸಣ್ಣಗಾಗುತ್ತಿತ್ತು, ಒಳಗಿನಿಂದ ನಮ್ಮ ಅಜ್ಜ ಮುತ್ಯಾನ ಕೂಗು ಬರುತ್ತಿತ್ತು. ಗುಡಿಯ ಮುಂದೆ ಗೆಳತಿಯರು ಲಗೋರಿ ಆಡುವ ಗದ್ದಲ ಆ ಇಟ್ಟಿಗೆಯ ಕಂಡಿಯಿಂದ ಒಳಗೆ ಬರುತ್ತಿತ್ತು. ಸದ್ದಿನಿಂದಲೇ ಕಲ್ಲು ಬಿದ್ದವೋ, ಚೆಂಡು ಯಾರ ಬೆನ್ನಿಗೆ ಬಡಿಯಿತೋ ಲೆಕ್ಕ ಹಾಕುತ್ತ ನಾನು ರವದಿ ತುರುಕುತ್ತಿದ್ದೆ. ಶಾಲೆಗೆ ತಡವಾಗಿ ಹೋಗಿ ಬಾಗಿಲ ಹೊರಗೆ ನಿಲ್ಲುವುದು ರೂಢಿಯಾಗಿತ್ತು. ಎಷ್ಟು ಸೀಗೆಪುಡಿ ಹಚ್ಚಿ ತೊಳೆದರೂ ಜಡೆಯಿಂದ ಹೊಗೆಯ ವಾಸನೆ ಹೋಗುತ್ತಿರಲಿಲ್ಲ. ಕ್ಲಾಸಿನಲ್ಲಿ ನನ್ನ ಹೆಸರು ಹೊಗಿ ರೇಖಿ.

ಸುಖವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆತ್ಯಾ ಬೂದಿಯಲ್ಲಿ ಗೆಣಸು ಹುಗಿದಿಡುತ್ತಿದ್ದಳು. ಹಸಿ ಶೇಂಗಾ ಸುಟ್ಟು, ಸಿಪ್ಪೆ ಸುಲಿದು ನನ್ನ ಲಂಗದ ಉಡಿಗೆ ಹಾಕುತ್ತಿದ್ದಳು. ಗಾಣ ನಡೆಯುವ ದಿನಗಳಲ್ಲಿ ಬೆಲ್ಲ ಕುದಿಯುವ ವಾಸನೆ ಹೊಗೆಯನ್ನೂ ಸೀಳಿಕೊಂಡು ಬಂದರೆ, ಇಬ್ಬರೂ ಮೂಗು ಎತ್ತಿ ಅದನ್ನು ಎಳೆದುಕೊಳ್ಳುತ್ತಿದ್ದೆವು. ಅವಳು ಏಳನೆಯ ತರಗತಿ ತನಕ ಓದಿದ್ದಳು. ಎಡಗೈಯಲ್ಲಿ ಬೂದಿ ಹರಡಿ ಕಡ್ಡಿಯಿಂದ ಭಾಗಾಕಾರ ಬರೆಯುವಳು, ಬಲಗೈ ಉರಿ ಹಾಕುತ್ತಲೇ ಇರುವುದು. ನಮ್ಮ ಮಾಸ್ತರರಿಗಿಂತ ಅವಳು ಹೇಳಿಕೊಟ್ಟ ಗಣಿತವೇ ನನ್ನ ತಲೆಗೆ ಹತ್ತುತ್ತಿತ್ತು. ಆದರೆ ಹನ್ನೊಂದು ವರ್ಷದವಳಿಗೆ ಗೆಣಸಿಗಿಂತ, ಗಣಿತಕ್ಕಿಂತ ಲಗೋರಿ ದೊಡ್ಡದು. ಆ ಬಚ್ಚಲಿನಿಂದ ಹೇಗಾದರೂ ತಪ್ಪಿಸಿಕೊಳ್ಳಬೇಕೆಂಬುದೊಂದೇ ನನ್ನ ಜಪವಾಗಿತ್ತು.

ಆ ವರ್ಷ ದಸರೆಯ ರಜೆಗೆ ನಿಪ್ಪಾಣಿಯ ಮಾಮಾನ ಮನೆಗೆ ಹೋದೆ. ಅಲ್ಲಿ ಮೊದಲ ಸಲ ಬಂಬ ನೋಡಿದೆ. ನನ್ನ ಸೊಂಟದೆತ್ತರದ ತಾಮ್ರದ ಕೊಳವೆ. ನಟ್ಟನಡುವೆ ಬೆಂಕಿಯ ಹೊಟ್ಟೆ, ಅದರ ಸುತ್ತ ನೀರು. ಮೇಲಿನ ಬಾಯಿಂದ ಕಾಳು ಬಿಡಿಸಿದ ನಾಲ್ಕು ಗೋವಿನಜೋಳದ ಬೆಂಡು, ಒಂದು ತೆಂಗಿನ ಚಿಪ್ಪು ಹಾಕಿ ಹೊತ್ತಿಸಿದರೆ ಮುಗಿಯಿತು. ಬೆಂಕಿ ನೀರಿನ ಒಳಗೇ ಕೂತಿರುವುದರಿಂದ ಉರಿ ಹಾಳಾಗುವುದಿಲ್ಲ, ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದ ಲಾಳಿಕೆಗೆ ಒಂದು ಕೊಡ ತಣ್ಣೀರು ಸುರಿದರೆ ಅತ್ತ ನಳದಿಂದ ಒಂದು ಕೊಡ ಬಿಸಿನೀರು ಬೀಳುತ್ತಿತ್ತು. ಯಾರೂ ಅದರ ಮುಂದೆ ಕೂರುತ್ತಿರಲಿಲ್ಲ. ಮಾಮಿ ಅದನ್ನು ಹೊತ್ತಿಸಿ ಹೋಗಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎಂಟು ದಿನವೂ ಅದರ ಸುತ್ತಲೇ ಸುಳಿದಾಡಿದೆ.

ಊರಿಗೆ ಬಂದವಳೇ ಮುತ್ಯಾನ ಬೆನ್ನು ಹತ್ತಿದೆ. ಅವನಿಗೆ ಮೊಣಕಾಲು ನೋವು. ದಿನಕ್ಕೆ ಮೂರು ಸಲ ಬಿಸಿನೀರು ಹಾಕಿಸಿಕೊಂಡರೆ ಹಾಯೆನಿಸುತ್ತಿತ್ತು. ಆದರೆ ಮಧ್ಯಾಹ್ನ, ಸಂಜೆ ಮತ್ತೆ ಹಂಡೆ ಹೊತ್ತಿಸು ಎನ್ನಲು ಅವನಿಗೂ ಮುಜುಗರ. ನಿಪ್ಪಾಣಿಯಲ್ಲಿ ಯಾವ ಹೊತ್ತಿಗೆ ನಳ ಬಿಟ್ಟರೂ ಬಿಸಿನೀರು ಎಂದು ನಾನು ಹೇಳಿದ್ದು ಅವನ ಮೊಣಕಾಲಿಗೇ ನೇರ ತಗುಲಿತು. ಅಪ್ಪನೂ ದನಿಗೂಡಿಸಿದ. ರವದಿ ಸುಡಬೇಡಿ, ಹೊಲದಲ್ಲೇ ಹಾಸಿರಿ, ನೆಲಕ್ಕೆ ತಂಪು, ಗೊಬ್ಬರವೂ ಆಗುತ್ತದೆ ಎಂದು ಕೃಷಿ ಅಧಿಕಾರಿಯೊಬ್ಬರು ಊರಿಗೆ ಬಂದಾಗ ಹೇಳಿಹೋಗಿದ್ದರಂತೆ.

ಬೇಡವೆಂದವರು ಇಬ್ಬರೇ. ನಾವು ಆಯಿ ಎನ್ನುತ್ತಿದ್ದ ನಮ್ಮ ಅಜ್ಜಿ, ತಾಮ್ರ ಕಿಲುಬುತ್ತದೆ, ಇಷ್ಟು ಮಂದಿಗೆ ಸಾಲುವುದಿಲ್ಲ, ಹಂಡೆಯ ನೀರಿನ ರುಚಿ ಅದಕ್ಕೆ ಬರುವುದಿಲ್ಲ ಎಂದು ಏನೇನೋ ಹೇಳಿದಳು. ಸ್ನಾನದ ನೀರಿಗೆ ರುಚಿ ಎಲ್ಲಿಯದು ಎಂದು ನಾನು ನಕ್ಕೆ. ಇನ್ನೊಬ್ಬಳು ಆತ್ಯಾ. ನಾನು ಓಡಿಬಂದು ಸುದ್ದಿ ಹೇಳಿದಾಗ ಅವಳು ಉರಿ ಹಾಕುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಮಾಮಾನ ಮನ್ಯಾಗ ಎಷ್ಟ ಮಂದಿ ಅದಾರ?” ಎಂದಳು.

“ಐದ ಮಂದಿ.”

“ಮತ್ತ? ಹದಿನಾಲ್ಕ ಮಂದಿಗೆ ಆಗೂದಿಲ್ಲ ಬಿಡು ಅದು.”

ನನಗೆ ಸಿಟ್ಟು ಬಂತು. ತನ್ನನ್ನೇ ಹೊಗೆಯಿಂದ ಬಿಡಿಸಹೊರಟರೆ ಇವಳಿಗೇಕೆ ಬೇಡ? ಮರುದಿನ ಮುತ್ಯಾನಿಗೆ ಇನ್ನೂ ಎರಡು ಮಾತು ಹೆಚ್ಚು ಹೇಳಿದೆ.

ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ ಮಾಮಾ ಬಂಬವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹೇರಿಕೊಂಡು ಬಂದ. ಅದು ದೊಡ್ಡ ಬಂಬ, ಹದಿನಾಲ್ಕು ಮಂದಿಗೆ ಸಾಲುವಂಥದು. ಪ್ರತಿ ವರ್ಷ ಆ ಹಬ್ಬಕ್ಕೆ ಆತ್ಯಾ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟುತ್ತಿದ್ದಳು. ಆ ವರ್ಷ ಬಳ್ಳಿಯನ್ನು ಬಂಬಕ್ಕೆ ಕಟ್ಟಿದೆವು. ಹಂಡೆಯನ್ನು ಒಲೆಯಿಂದ ಕೀಳದೆ ಅಲ್ಲೇ ಬಿಟ್ಟರು.

ಮರುದಿನ ಎಣ್ಣೆ ಹಚ್ಚಿಕೊಂಡು ಕೂತ ಹದಿನಾಲ್ಕೂ ಮಂದಿಯ ಸ್ನಾನ ಏಳೂವರೆಗೆಲ್ಲ ಮುಗಿದುಹೋಯಿತು. ಆತ್ಯಾ ಅಂದು ಮೊದಲ ಸಲ ಸುಡುವ ನೀರು ಮೈಮೇಲೆ ಹಾಕಿಕೊಂಡಳು. ಒದ್ದೆ ಕೂದಲು ಬಿಟ್ಟುಕೊಂಡು ಅಂಗಳಕ್ಕೆ ಬಂದವಳಿಗೆ ಕೈ ಎಲ್ಲಿಡಬೇಕೆಂಬುದೇ ತಿಳಿಯಲಿಲ್ಲ. ಅಡುಗೆಮನೆಗೆ ಹೋದಳು. ಅವ್ವ ಕರುಣೆಯಿಂದಲೇ, ಇಷ್ಟು ವರ್ಷ ಹೊಗೆಯಲ್ಲಿ ಕೂತಿದ್ದೀಯ, ಈಗಾದರೂ ಸುಮ್ಮನೆ ಕೂತುಕೋ ಎಂದು ಹೊರಗೆ ಕಳಿಸಿದಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತ ಅವಳನ್ನು ದಾಟಿ ನಾನು ಲಗೋರಿಗೆ ಓಡಿದೆ. ಅಂದು ಆಡಿದಷ್ಟು ನಾನು ಎಂದೂ ಆಡಿಲ್ಲ.

ಹಬ್ಬ ಮುಗಿದು ಐದನೆಯ ದಿನ ತೆಲಸಂಗದಿಂದ ಆತ್ಯಾಳ ಗಂಡ, ಅವನ ಅಣ್ಣ ಇಬ್ಬರೂ ಬಂದರು. ಅವರು ಬಂದದ್ದು ಅದೇ ಮೊದಲಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಎರಡು ಸಲ ಕರೆಯಲು ಬಂದಿದ್ದರು. ಹೊಲದ ಕೆಲಸಕ್ಕೆ ಅವರಿಗೆ ಆಳು ಬೇಕಾಗಿತ್ತು. ಎರಡೂ ಸಲ ಆಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹದಿನಾಲ್ಕು ಮಂದಿಗೆ ನೀರು ಕಾಸಲು ಇವಳೊಬ್ಬಳೇ ಇರುವುದು, ಸುಗ್ಗಿ ಮುಗಿಯಲಿ ನೋಡೋಣ ಎಂದಿದ್ದಳು. ಬಿಸಿನೀರಿನ ಆಸೆಯ ಮುತ್ಯಾ ಅದಕ್ಕೆ ಹೂಂಗುಟ್ಟಿದ್ದ. ಅವರು ಚಾ ಕುಡಿದು ಹೋಗಿದ್ದರು.

ಈ ಸಲ ಬೇರೆ ಕಾರಣ ತಂದಿದ್ದರು. ಮನೆಯ ಮುದುಕಿಗೆ, ಅಂದರೆ ಆತ್ಯಾಳ ಅತ್ತೆಗೆ, ಲಕ್ವಾ ಹೊಡೆದಿತ್ತು. ಎತ್ತಿ ಕೂರಿಸಲು, ತೊಳೆಯಲು ಹೆಣ್ಣು ಕೈ ಬೇಕಾಗಿತ್ತು. ಅದನ್ನೆಲ್ಲ ಅವರು ಹೇಳುವ ಮೊದಲೇ ಮುತ್ಯಾ ಹೊಸ ಬಂಬದ ನೀರಿನಿಂದ ಅವರಿಗೆ ಕಾಲು ತೊಳೆಸಿದ್ದ. ಹೇಗೆ ಕಾಯುತ್ತದೆಂದು ತೋರಿಸಲು ಬಚ್ಚಲ ತನಕವೂ ಕರೆದೊಯ್ದಿದ್ದ. “ಒಬ್ಬರೂ ಮುಂದ ಕೂಡೂದು ಬ್ಯಾಡ ನೋಡ್ರಿ. ತಾನ ಕಾಯತೈತಿ,” ಎಂದು ಹೆಮ್ಮೆಯಿಂದ ಹೇಳಿದ. ನಾನೂ ಅವನ ಪಕ್ಕದಲ್ಲೇ ನಿಂತು ಲಾಳಿಕೆಗೆ ನೀರು ಸುರಿದು ತೋರಿಸಿದೆ.

ಮಾತು ಮುಗಿಯುತ್ತ ಬಂದಾಗ ಆಯಿ ಬಾಗಿಲಿಗೆ ಬಂದಳು. ನೀರು ಕಾಸುವ ಮಾತು ಎತ್ತಿದಳು. ಗಂಡನ ಅಣ್ಣ ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದ.

“ಈಗ ಬಂಬ ಬಂದೈತೆಲ್ರಿ ಅವ್ವಾರ. ಇನ್ನ ಅಡಚಣಿ ಏನ ಉಳೀತ್ರಿ?”

ಗಂಡ ಬದುಕಿದ್ದಾನೆ, ಕರೆಯಲು ಬಂದಿದ್ದಾನೆ, ಕಳಿಸುವುದಿಲ್ಲ ಎನ್ನಲು ಆ ಕಾಲದಲ್ಲಿ ಮತ್ತೊಂದು ಕಾರಣ ಯಾರ ಬಳಿಯೂ ಇರಲಿಲ್ಲ. ಬರುವ ಸೋಮವಾರದ ಆಚೆಯ ಸೋಮವಾರ ಎಂದು ದಿನ ಗೊತ್ತಾಯಿತು. ಆತ್ಯಾಳನ್ನು ಯಾರೂ ಕರೆದು ಕೇಳಲಿಲ್ಲ. ಆಮೇಲೆ ಹುಡುಕಿದರೆ ಅವಳು ಬಚ್ಚಲಿನಲ್ಲಿ, ಆರಿದ ಒಲೆಯ ಮುಂದೆ, ತನ್ನ ಜಾಗದಲ್ಲಿ ಕೂತಿದ್ದಳು.

ನನಗೆ ಎಲ್ಲ ತಿಳಿಯಿತೆಂದಲ್ಲ. ಆದರೆ ಬಂಬ ಬರದಿದ್ದರೆ ಅವಳು ಹೋಗುತ್ತಿರಲಿಲ್ಲ ಎನ್ನುವಷ್ಟು ತಿಳಿಯಿತು. ಬಂಬ ತರಿಸಿದವಳು ನಾನು. ಅದನ್ನು ಯಾರೆದುರೂ ಹೇಳಲಾರದೆ ಒಂದು ವಾರ ಒಳಗೊಳಗೇ ಕುದಿದೆ. ಲಗೋರಿಗೆ ಕರೆದರೂ ಹೋಗಲಿಲ್ಲ. ನೀರಿಲ್ಲದೆ ಹೊತ್ತಿಸಿದರೆ ಬೆಸುಗೆ ಕರಗುತ್ತದೆ, ಹುಷಾರು ಎಂದು ಮಾಮಾ ಬಂಬ ಇಳಿಸುವಾಗಲೇ ಮೂರು ಸಲ ಹೇಳಿದ್ದ. ಅವಳು ಹೊರಡಲು ಮೂರು ದಿನ ಇದೆ ಎನ್ನುವಾಗ, ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ತಳದ ಬಿರಡೆ ತೆಗೆದು ನೀರೆಲ್ಲ ಬಸಿದೆ. ಬೆಂಡು ತುಂಬಿ ಹೊತ್ತಿಸಿದೆ. ಸ್ವಲ್ಪ ಹೊತ್ತಿಗೆ ಕೆಟ್ಟ ವಾಸನೆ ಬಂತು. ಬೆಳ್ಳಗಿನ ಸೀಸದ ಹನಿಗಳು ಟಪಟಪ ಬೂದಿಗೆ ಬಿದ್ದವು. ನಳ ಕಳಚಿ ಕಲ್ಲಿನ ಮೇಲೆ ಉರುಳಿತು. ನಾನು ಗೋಡೆಗೆ ಅಂಟಿಕೊಂಡು ನಿಂತೆ.

ಆ ಸದ್ದಿಗೆ ಮೊದಲು ಬಂದವಳು ಆತ್ಯಾ. ಬಂಬ ನೋಡಿದಳು, ಬಿರಡೆ ನೋಡಿದಳು, ನನ್ನ ಮುಖ ನೋಡಿದಳು. ಹಿಂದೆಯೇ ಮುತ್ಯಾ ಬಂದು ಯಾರು ಹೀಗೆ ಮಾಡಿದವರು ಎಂದು ಗದರಿದ.

“ನಾನ ಹೊತ್ತಿಸಿದ್ನೋ ಅಪ್ಪಾ,” ಎಂದಳು ಆತ್ಯಾ. “ನೀರ ಐತಿ ಅಂತ ತಿಳಕೊಂಡಿದ್ದೆ.”

ಮುತ್ಯಾ ಅಂದು ಅವಳಿಗೆ ಆಡಿದ ಮಾತುಗಳನ್ನು ಬರೆಯಲು ಮನಸ್ಸಿಲ್ಲ. ಹೋಗುವ ಮೊದಲು ಮನೆಗೆ ಕೇಡು ಮಾಡಿದಳು ಎಂಬುದು ಅವುಗಳ ಅರ್ಥ. ಅವಳು ತಲೆ ತಗ್ಗಿಸಿ ನಿಂತು ಎಲ್ಲ ಕೇಳಿದಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಬಂಬವನ್ನು ನಿಪ್ಪಾಣಿಗೆ ತಾಮ್ರದ ಕೆಲಸದವನ ಬಳಿ ಕಳಿಸಿದರು. ಅದು ಬಂದ ಮೇಲೆ ಕರೆದೊಯ್ಯಿರಿ ಎಂದು ಆಯಿ ತೆಲಸಂಗಕ್ಕೆ ಹೇಳಿಕಳಿಸಿದಳು. ಹಂಡೆ ಮತ್ತೆ ಹೊತ್ತಿತು. ನಮಗೆ ಸಿಕ್ಕಿದ್ದು ಒಂಬತ್ತು ದಿನ. ಒಂಬತ್ತು ದಿನವೂ ಯಾರೂ ಹೇಳದೆಯೇ ನಾನು ಐದಕ್ಕೆ ಎದ್ದು ಹೊರೆ ಎಳೆದು ತಂದು ಅವಳ ಪಕ್ಕ ಕೂತೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳಾಗಿಯೇ ಮಾತು ತೆಗೆದಳು.

ನೀರು ಕಾಸುವ ನೆವ ಆಯಿ ಹುಡುಕಿದ್ದಂತೆ. ಮದುವೆಯಾದ ಮಗಳನ್ನು ಮನೆಯಲ್ಲಿಟ್ಟುಕೊಳ್ಳಲು ಬೇರೆ ಯಾವ ಕಾರಣವೂ ಮುತ್ಯಾನ ಮುಂದೆ ನಡೆಯುವುದಿಲ್ಲ, ಅವನಿಗೆ ಬಿಸಿನೀರು ಮಾತ್ರ ತಿಳಿಯುತ್ತದೆ ಎಂದು ಆಯಿಯೇ ಅವಳನ್ನು ಆ ಒಲೆಯ ಮುಂದೆ ಕೂರಿಸಿದ್ದಳಂತೆ. ತೆಲಸಂಗದಲ್ಲಿ ಅವಳಿಗೆ ಏನಾಗಿತ್ತೆಂದು ಅವಳು ಹೇಳಲಿಲ್ಲ. ಬೆನ್ನ ಮೇಲಿನ ಕುಪ್ಪಸ ಸರಿಸಿ ಒಂದು ಹಳೆಯ ಗಾಯದ ಗುರುತು ತೋರಿಸಿ, ಮತ್ತೆ ಮುಚ್ಚಿಕೊಂಡಳು.

“ನನಗ ಯಾಕ ಹೇಳಲಿಲ್ಲ?” ಎಂದು ನಾನು ಅತ್ತೆ.

“ನೀ ಸಣ್ಣಾಕಿ. ನಿನಗ ಹೊಗಿ ಬ್ಯಾಡಾಗಿತ್ತು. ಅದರಾಗ ನಿಂದೇನ ತಪ್ಪ?” ಎಂದಳು. ಸ್ವಲ್ಪ ಹೊತ್ತು ಉರಿ ಹಾಕಿ, “ನನಗೂ ಬ್ಯಾಡಾಗಿತ್ತ ರೇಖಿ. ದಿನಾ ಬ್ಯಾಡ ಅನಸ್ತಿತ್ತು. ಆದ್ರ ಇಲ್ಲಿಂದ ಎದ್ರ ಅಲ್ಲಿ ಹೋಗಿ ಕೂಡಬೇಕು,” ಎಂದಳು.

ಹತ್ತನೆಯ ದಿನ ಬಂಬ ಬಂತು. ಬೆಸುಗೆ ಮೊದಲಿಗಿಂತ ಗಟ್ಟಿಯಾಗಿತ್ತು. ಅದರ ಮರುದಿನ ಗಂಡ ಬಂದ. ಹೊರಡುವಾಗ ಆತ್ಯಾ ಅಲ್ಲಿಯವರೆಗೆ ಮಾಡದ ಒಂದು ಕೆಲಸ ಮಾಡಿದಳು. ಗಂಡಸರು ಕೂತಿದ್ದ ಪಡಸಾಲೆಗೆ ಬಂದು, ಸೆರಗು ಹೊದ್ದು, ಗಂಡನನ್ನೇ ನೇರ ನೋಡಿ ಮಾತಾಡಿದಳು.

“ಮುದುಕೀನ ನೋಡಾಕ ಬರ್ತೀನಿ. ಕೈ ಮಾತ್ರ ಎತ್ತಬ್ಯಾಡ್ರಿ. ಆಕಿ ಹೋದ ಮ್ಯಾಲ ಅಲ್ಲಿ ಇರೂದು ಬಿಡೂದು ನನ್ನ ಮನಸ್ಸು.”

ಅವನು ನೆಲ ನೋಡುತ್ತ ಆಗಲಿ ಎಂದ. ಅವಳು ಅದೇ ಟ್ರಂಕು ತೆಗೆದುಕೊಂಡು ಅಥಣಿಯ ಬಸ್ಸು ಹತ್ತಿದಳು. ಆಯಿ ಎಂಟು ದಿನ ಬಂಬದ ನೀರು ಮುಟ್ಟಲಿಲ್ಲ, ತಣ್ಣೀರಿನಲ್ಲೇ ಸ್ನಾನ ಮಾಡಿದಳು.

ಗಂಡ ಮಾತು ಉಳಿಸಿಕೊಂಡ, ಕೈ ಎತ್ತಲಿಲ್ಲ. ಮುದುಕಿ ಮಾತ್ರ ಹನ್ನೊಂದು ವರ್ಷ ಬದುಕಿದಳು. ಅಷ್ಟರಲ್ಲಿ ಮುತ್ಯಾ, ಆಯಿ ತೀರಿಕೊಂಡಿದ್ದರು. ಅಪ್ಪ, ಕಾಕಾಗಳ ನಡುವೆ ಮನೆ ಮೂರು ಪಾಲಾಯಿತು. ಬಚ್ಚಲಿದ್ದ ಜಾಗದಲ್ಲಿ ಗೋಡೆ ಎದ್ದಿತ್ತು. ಯಾವ ಪಾಲಿನ ಮನೆಗೆ ಬರುವುದೆಂದು ಆತ್ಯಾ ಕೇಳಲಿಲ್ಲ, ಬಾ ಎಂದು ಯಾರೂ ಗಟ್ಟಿಯಾಗಿ ಕರೆಯಲೂ ಇಲ್ಲ. ಅವಳು ತೆಲಸಂಗದಲ್ಲೇ ಉಳಿದಳು.

ನನಗೆ ಆ ಬಂಬದಿಂದ ದಿನಕ್ಕೆ ಎರಡು ತಾಸು ಸಿಕ್ಕಿತು. ಮೊದಲ ವರ್ಷ ಆಡಿದೆ, ಆಮೇಲೆ ಓದಿದೆ. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗ ಚಿಕ್ಕೋಡಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳುತ್ತೇನೆ. ಮನೆಯ ಮಾಳಿಗೆಯ ಮೇಲೆ ಸೋಲಾರ್ ಇದೆ. ಬೆಂಕಿಯೂ ಬೇಡ, ಬೆಂಡೂ ಬೇಡ, ಬಿಸಿಲೇ ನೀರು ಕಾಸುತ್ತದೆ. ಹೊಗೆ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಕಣ್ಣು ಕೆಟ್ಟ, ಕೆಮ್ಮು ಹತ್ತಿದ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದವಳು ನಾನು. ಆದರೆ ಇವುಗಳಿಂದ ಎಷ್ಟು ಹೊತ್ತು, ಎಷ್ಟು ದುಡಿಮೆ ಉಳಿಯಿತೆಂದು ಯಾರಾದರೂ ಮಾತಾಡುವಾಗ ಉಳಿಯದೆ ಹೋದದ್ದು ನೆನಪಾಗುತ್ತದೆ. ಪಕ್ಕದಲ್ಲಿ ಒಬ್ಬರು ಕೂತು, ಏಳಲಾಗದ ಕಾರಣಕ್ಕೇ ಇರಲಿ, ನಾಲ್ಕು ತಾಸು ನಮ್ಮ ಜೊತೆಗಿರುವ ಮುಂಜಾನೆ ಆಮೇಲೆ ನನಗೆ ಸಿಗಲಿಲ್ಲ.

ಹೋದ ವರ್ಷ ತೆಲಸಂಗಕ್ಕೆ ಹೋಗಿದ್ದೆ. ಆತ್ಯಾಳಿಗೆ ವಯಸ್ಸಾಗಿದೆ, ಗಂಡ ತೀರಿಹೋಗಿದ್ದಾನೆ, ಎರಡು ಆಡು ಸಾಕಿಕೊಂಡಿದ್ದಾಳೆ. ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಬಂಬ ಕೆಡಿಸಿದವಳು ನಾನೆಂದು ಮುತ್ಯಾನಿಗೆ ಹೇಳಬೇಕಾಗಿತ್ತು ಎಂದೆ. ಅವಳು ಅದನ್ನು ಕೈಬೀಸಿ ತಳ್ಳಿದಳು. ಆಗ ನಾನು, ಇಷ್ಟು ವರ್ಷಗಳಲ್ಲಿ ನಾನಾಗಲಿ ಇನ್ನೊಬ್ಬರಾಗಲಿ ಕೇಳದ ಮಾತು ಕೇಳಿದೆ.

“ಆ ಒಲಿನೂ ಬ್ಯಾಡಾಗಿತ್ತು, ಈ ಊರೂ ಬ್ಯಾಡಾಗಿತ್ತು. ಹಂಗಾರ ನಿನಗ ಏನ ಬೇಕಾಗಿತ್ತ ಆತ್ಯಾ?”

ಸೊಪ್ಪು ಬಿಡಿಸುವ ಕೈ ನಿಂತಿತು.

“ಏನೋ ಒಂದ ಇತ್ತವ್ವಾ,” ಎಂದಳು. “ಆಗ ಕೇಳಿದ್ರ ಹೇಳತಿದ್ದೆ. ಈಗ ನೆನಪಾಗವಲ್ದು.”